ಪೋಲೆಂಡಿನ ಕುಡ್ಲ

ಮಿಜಾರಿನ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದ ಶಿವಕೃಷ್ಣನ ಗ್ರಹಚಾರ ಕೆಟ್ಟದ್ದು ಒಂದು ಬ್ಯಾನರಿನಿಂದ. ಪೋಲೆಂಡಿನಿಂದ ಬರಲಿದ್ದ ಪ್ರೊಫೆಸರರ ಹೆಸರು ಇಮೇಲಿನಲ್ಲಿ ‘ಜಾನ್ ಕುಡ್ಲ’ ಎಂದು ಓದುವಂತಿತ್ತು. ಆ ದೇಶದಲ್ಲಿ ಜಾನ್ ಅನ್ನು ಯಾನ್ ಎನ್ನುತ್ತಾರೆಂದು ಹುಡುಕಿ ತಿಳಿದುಕೊಂಡು, ‘ಯಾನ್ ಕುಡ್ಲ ಅವರಿಗೆ ಸ್ವಾಗತ’ ಎಂದು ಬರೆದು ಮೂಡುಬಿದಿರೆಯ ಫ್ಲೆಕ್ಸ್ ಅಂಗಡಿಗೆ ಕಳುಹಿಸಿದ್ದ.

ಬೆಳಿಗ್ಗೆಯೇ ಅಂಗಡಿಯ ಉಮ್ಮರ್ ಫೋನ್ ಮಾಡಿದ.

“ಮಾಸ್ಟ್ರೇ, ಇದು ತುಳುವಿನಲ್ಲಿ ‘ನಾನು ಮಂಗಳೂರು’ ಅಂತ ಆಯ್ತಲ್ಲ? ಅತಿಥಿಯ ಹೆಸರು ಎಲ್ಲುಂಟು?”

“ಅದೇ ಅವರ ಹೆಸರು ಮಾರಾಯ! ಪೋಲೆಂಡಿನವರು.”

“ಪೊಳಲಿಯವರಾ? ಇಲ್ಲೇ ಹತ್ತಿರದ ಊರಲ್ಲ! ಹಾಗಾದ್ರೆ ನಮ್ಮ ಗುರ್ತದವರೇ ಇರ್ಬೇಕು!”

ಬ್ಯಾನರ್ ಗೇಟಿಗೇರಿದ್ದೇ ತಡ, ಹುಡುಗರು ಅದರಡಿಯಲ್ಲಿ ಸೆಲ್ಫಿ ತೆಗೆಯಲು ಸಾಲುಗಟ್ಟಿದರು. ಬಸ್ಸುಗಳು ನಿಧಾನಿಸಿ, ಜನ ಕಿಟಕಿಯಿಂದ ಕೊರಳು ಚಾಚಿ ನಕ್ಕರು. ಸಹೋದ್ಯೋಗಿ ವಾರಿಜಾಕ್ಷಿ ಮೇಡಂ ಬಂದು ಸಮಾಧಾನಿಸಿದರು: “ತಪ್ಪು ಎಲ್ಲರಿಗೂ ಆಗ್ತದೆ ಸರ್. ಒಪ್ಪಿಕೊಂಡ್ರೆ ಏನು ಹೋಗ್ತದೆ?”

ಶಿವಕೃಷ್ಣ ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಸಿಡಿದ. “ತಪ್ಪು ಯಾವುದು ಮೇಡಂ? ಪೋಲೆಂಡಿನಲ್ಲಿ ಈ ಮನೆತನದ ಹೆಸರಿನವರು ಸಾವಿರಾರು ಜನ ಇದ್ದಾರೆ! ಅವರೇನು ನಮ್ಮನ್ನು ಕೇಳಿ ಹೆಸರು ಇಟ್ಟುಕೊಳ್ಳಬೇಕಿತ್ತಾ?”

ಪ್ರಿನ್ಸಿಪಾಲ್ ಹರಿಪ್ರಸಾದ ಕುಡ್ವರು ಚೇಂಬರಿಗೆ ಕರೆಸಿದರು. “ಈ ತಿಂಗಳು ನಿಮ್ಮ ಕೆಲಸ ಕಾಯಂ ಮಾಡುವ ಅಂತಿದ್ದೆ. ನೀವು ಕಾಲೇಜನ್ನೇ ತಮಾಷೆ ಮಾಡಿಬಿಟ್ರಿ. ತೆಗೀರಿ ಅದನ್ನು!”

“ಸರಿ ಇದ್ದದ್ದನ್ನು ಯಾಕೆ ತೆಗೀಬೇಕು ಸರ್? ಅವರ ಬಾಯಿಂದಲೇ ಕೇಳುವ.”

ಮಧ್ಯಾಹ್ನ ಟೋಪಿ ಧರಿಸಿದ ಪ್ರೊಫೆಸರರು ಕಾರಿನಿಂದಿಳಿದರು. ವಾರಿಜಾಕ್ಷಿ ಬ್ಯಾನರನ್ನು ಓದಿ ಹೇಳಿದರು. ಯಾನ್ ಎಂದಾಗ ಅತಿಥಿ ತಲೆಯಾಡಿಸಿದರು. ಶಿವಕೃಷ್ಣನ ಎದೆ ಉಬ್ಬಿತು. ಕುಡ್ಲ ಎಂದಾಗ ಅವರು ನಕ್ಕು, ತಮ್ಮ ಹೆಸರಿನ ಎಲ್ ಅಕ್ಷರಕ್ಕೆ ಒಂದು ಅಡ್ಡಗೀಟು ಉಂಟೆಂದೂ, ಇಮೇಲಿನಲ್ಲಿ ಅದು ಬಿಟ್ಟುಹೋಗಿದೆಯೆಂದೂ, ಗೀಟಿದ್ದರೆ ಅದನ್ನು ‘ವ’ ಎಂದು ಓದಬೇಕೆಂದೂ ಇಂಗ್ಲಿಷಿನಲ್ಲಿ ವಿವರಿಸಿದರು.

“ಅಂದ್ರೆ... ಕುಡ್ವ?” ಪ್ರಿನ್ಸಿಪಾಲರು ಎಲ್ಲರನ್ನೂ ಸರಿಸಿ ಮುಂದೆ ಬಂದರು.

“ಯೆಸ್, ಕುಡ್ವ!”

“ಅಯ್ಯೋ ದೇವರೇ, ನಮ್ಮವರು!” ಪ್ರಿನ್ಸಿಪಾಲರು ಅತಿಥಿಯನ್ನು ತಬ್ಬಿಯೇಬಿಟ್ಟರು. ಮರುಕ್ಷಣ ಶಿವಕೃಷ್ಣನತ್ತ ಕೆಂಗಣ್ಣು ಬಿಟ್ಟರು. “ನಮ್ಮ ಮನೆತನದ ಹೆಸರನ್ನೇ ಗೇಟಿನಲ್ಲಿ ಕೆಡಿಸಿ ನೇತುಹಾಕಿದಿರಲ್ಲ!”

ಶಿವಕೃಷ್ಣ ಬೆಳಿಗ್ಗೆಯಿಂದ ನುಂಗಿಕೊಂಡಿದ್ದ ಅವಮಾನವೆಲ್ಲ ಒಮ್ಮೆಗೇ ಉಕ್ಕಿತು. “ನಿಮಗೂ ಅವರಿಗೂ ಸಂಬಂಧವೇ ಇಲ್ಲ ಸರ್! ಆ ಹೆಸರಿನ ಮೂಲ ನಾನು ಓದಿದ್ದೇನೆ. ಅವರ ಭಾಷೆಯಲ್ಲಿ ಅದು ಕೆದರಿದ ಕೂದಲು! ತಲೆತುಂಬ ಪೊದೆಯಂಥ ಕೂದಲಿದ್ದವರ ವಂಶ ಅದು!”

ಎಲ್ಲರ ಕಣ್ಣೂ ಪ್ರಿನ್ಸಿಪಾಲರ ತಲೆಯತ್ತ ಹೊರಳಿತು. ಅದು ತಿಕ್ಕಿ ತೊಳೆದ ಕಂಚಿನ ತಟ್ಟೆಯಂತೆ ಬಿಸಿಲಿಗೆ ಫಳಫಳಿಸುತ್ತಿತ್ತು.

ಏನಾಯಿತೆಂದು ಅತಿಥಿ ಕೇಳಿದರು. ವಾರಿಜಾಕ್ಷಿ ಹೆದರುತ್ತಲೇ ಹೇಳಿದರು. ಅತಿಥಿ ಹೊಟ್ಟೆ ಹಿಡಿದು ನಗುತ್ತಾ ಟೋಪಿ ತೆಗೆದರು. ಒಳಗೆ ಇನ್ನೊಂದು ತಟ್ಟೆ.

“ನೋಡಿದಿರಾ!” ಪ್ರಿನ್ಸಿಪಾಲರು ಕಂಬಳದ ಓಟದಲ್ಲಿ ಗೆದ್ದ ಕೋಣದ ಯಜಮಾನರಂತೆ ಕೂಗಿದರು. “ಇನ್ನೆಂಥ ಸಾಕ್ಷಿ ಬೇಕು ನಿಮಗೆ?”

ಅತಿಥಿಯ ಹೆಗಲಿಗೆ ಕೈಹಾಕಿ ನಿಂತು, ತಮ್ಮ ಮೊಬೈಲನ್ನು ಶಿವಕೃಷ್ಣನ ಕೈಗಿತ್ತರು. “ಒಂದು ಫೋಟೋ ತೆಗೀರಿ. ಕಾಯಂ ವಿಷಯ ಮುಂದಿನ ವರ್ಷ ನೋಡುವ. ಸ್ವಲ್ಪ ಆಚೆ ನಿಲ್ಲಿ ಮಾರಾಯ್ರೇ, ನಿಮ್ಮ ನೆರಳು ಬೀಳ್ತದೆ. ಇದು ಫ್ಯಾಮಿಲಿ ಫೋಟೋ.”