ಅರ್ಧ ಬೆಲೆಯ ಬಿಪಿ ಮಾತ್ರೆ

ದೊಡ್ಡಬಳ್ಳಾಪುರದಲ್ಲಿ ಔಷಧಿ ಅಂಗಡಿ ಇಟ್ಟ ಮೇಲೆ ಕಲಿತದ್ದಿಷ್ಟು: ಬೆಲೆ ಏರಿದರೆ ಗಿರಾಕಿ ಗೊಣಗುತ್ತಾನೆ, ಇಳಿದರೆ ಜಗಳಕ್ಕೇ ಬರುತ್ತಾನೆ. ಸರ್ಕಾರ ಯಾವುದಾದರೂ ಮಾತ್ರೆಗೆ ಗರಿಷ್ಠ ಬೆಲೆ ಕಟ್ಟಿದಾಗಲೆಲ್ಲ ನನ್ನ ಗಲ್ಲಾದ ಮುಂದೆ ಒಂದಲ್ಲ ಒಂದು ರಗಳೆ ನಡೆದೇ ನಡೆಯುತ್ತದೆ.

ಜರಿಯ ಲೆಕ್ಕ

ನಮ್ಮ ಬೀದಿಯಲ್ಲಿ ಮಗ್ಗ ನಡೆಸುವ ಯಜಮಾನರೊಬ್ಬರು ವರ್ಷಗಳಿಂದ ಒಂದೇ ಬಿಪಿ ಮಾತ್ರೆ ನುಂಗುತ್ತಿದ್ದರು. ಅವರ ಅಣ್ಣನಿಗೆ ಲಕ್ವ ಹೊಡೆದಿತ್ತು. ಹಾಗಾಗಿ ಒಂದು ದಿನವೂ ತಪ್ಪಿಸಿದವರಲ್ಲ. ಈ ಸಲ ಅದೇ ಕಂಪನಿಯ ಅದೇ ಮಾತ್ರೆ ಅರ್ಧ ಬೆಲೆಗೆ ಬಂತು. ಶೀಟನ್ನು ಬೆಳಕಿಗೆ ಹಿಡಿದರು. ಸೀರೆಯ ಸೆರಗಿನಂತೆ ಬೆರಳಲ್ಲಿ ಉಜ್ಜಿ ನೋಡಿದರು.

“ಏನ್ ಕಮ್ಮಿ ಮಾಡವ್ರೆ ಇದ್ರಲ್ಲಿ?”

“ಏನೂ ಇಲ್ಲ ಯಜಮಾನ್ರೇ. ಸರ್ಕಾರ ರೇಟು ಇಳಿಸಿದೆ, ಅಷ್ಟೆ.”

“ಸ್ವಾಮಿ, ವ್ಯಾಪಾರಿ ಸೀರೆ ರೇಟು ಇಳಿಸಿದ್ರೆ ನಾವು ಜರಿ ಇಳಿಸ್ತೀವಿ. ನಿಮ್ ಕಂಪ್ನಿಯೋನೇನು ಧರ್ಮಛತ್ರ ಇಟ್ಟವ್ನಾ?”

ಗೋಡೆಯ ಮೇಲಿದ್ದ ನನ್ನ ಫಾರ್ಮಸಿ ಪದವಿಯ ಕಡೆ ಕೈ ತೋರಿಸಿದೆ. ಯಜಮಾನರು ಮಾತ್ರೆ ಬಿಟ್ಟು ಬರಿಗೈಯಲ್ಲಿ ಹೋದರು.

ವಿಟಮಿನ್ನಿನ ಕೆಲಸ

ಮುಂದಿನ ವಾರ ಟೈ ಕಟ್ಟಿಕೊಂಡ ಕಂಪನಿ ಪ್ರತಿನಿಧಿ ಬಂದ.

“ಸಾರ್, ಅದೇ ಬಿಪಿ ಮಾತ್ರೆ. ಜೊತೆಗೊಂದು ವಿಟಮಿನ್ ಸೇರ್ಸಿದೀವಿ. ರೇಟು ಹಳೇದೇ.”

“ಬಿಪಿಗೆ ಆ ವಿಟಮಿನ್ ಏನಪ್ಪಾ ಮಾಡುತ್ತೆ?”

“ಬಿಪಿಗೇನೂ ಮಾಡಲ್ಲ ಸಾರ್. ಮಾತ್ರೇನ ಸರ್ಕಾರದ ಬೆಲೆ ಪಟ್ಟಿಯಿಂದ ಹೊರಗೆ ತರುತ್ತೆ.”

ಔಷಧದ ಪರಿಣಾಮವನ್ನು ಇಷ್ಟು ಪ್ರಾಮಾಣಿಕವಾಗಿ ನನ್ನ ಪ್ರೊಫೆಸರುಗಳೂ ವಿವರಿಸಿರಲಿಲ್ಲ.

ನಾಟಕ

ಮಾತ್ರೆ ಬಿಟ್ಟ ಯಜಮಾನರಿಗೆ ತಲೆನೋವು ಶುರುವಾಯಿತು. ಮತ್ತೆ ಬಂದರು. ಆ ಹೊತ್ತಿಗೆ ಸರಿಯಾಗಿ ಡ್ರಗ್ ಇನ್‌ಸ್ಪೆಕ್ಟರ್, ಹೆಚ್ಚಿಗೆ ಬೆಲೆ ತೆಗೆದುಕೊಂಡಿದ್ದೇನೆಯೇ ಎಂದು ನನ್ನ ಬಿಲ್ಲುಗಳನ್ನು ತಿರುವಿಹಾಕುತ್ತ ಕೂತಿದ್ದರು. ಯಜಮಾನರು ಅವರ ಎದುರಲ್ಲೇ ನೋಟು ಚಾಚಿದರು.

“ಹಳೇ ರೇಟೇ ತಗೊಳ್ಳಿ, ಹಳೇ ಮಾಲೇ ಕೊಡಿ.”

“ಶೀಟಿನ ಮೇಲಿರೋ ಬೆಲೆಗಿಂತ ಒಂದು ಪೈಸೆ ಹೆಚ್ಚಿಗೆ ಮುಟ್ಟಂಗಿಲ್ಲ ಯಜಮಾನ್ರೇ.”

“ಜಾಸ್ತಿ ಕೊಡ್ತೀನಿ ಅಂದ್ರೂ ಬೇಡ ಅಂತೀರಲ್ಲ, ನೀವೆಂಥ ವ್ಯಾಪಾರ ಮಾಡ್ತೀರಿ!” ಎಂದು ಬೈದು ಹೊರಟೇಹೋದರು.

ಇನ್‌ಸ್ಪೆಕ್ಟರ್ ಬಿಲ್ಲಿನಿಂದ ತಲೆ ಎತ್ತಿದರು. “ನಾಟಕ ಚೆನ್ನಾಗಿತ್ತು. ಆ ಯಜಮಾನ್ರಿಗೆ ಎಷ್ಟು ಕೊಟ್ರಿ?”

ಎರಡು ಅರ್ಧ

ಕೊನೆಗೆ ಯಜಮಾನರ ಹೆಂಡತಿಯೇ ಅವರನ್ನು ಪಕ್ಕದ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದರು. ಬಿಪಿ ಗಾಬರಿಯಾಗುವಷ್ಟು ಏರಿತ್ತು. “ನಿಮ್ಮ ಅಣ್ಣನ ಪಕ್ಕದಲ್ಲೇ ಹಾಸಿಗೆ ಹಾಕಿಸ್ಬೇಕಾ?” ಎಂದು ಡಾಕ್ಟರು ಗದರಿದರು. ಯಜಮಾನರು ನೇರ ನನ್ನ ಅಂಗಡಿಗೆ ಬಂದು ಅಗ್ಗದ ಮಾತ್ರೆ ಕೊಂಡು ಹೋದರು. ವಿಜ್ಞಾನ ಗೆದ್ದಿತು ಎಂದುಕೊಂಡೆ.

ಮರುದಿನ ಮಗ್ಗದ ಮುಂದೆ ಕಣ್ಣು ಕತ್ತಲಿಟ್ಟು ಕುಸಿದರು. ಕ್ಲಿನಿಕ್ಕಿಗೆ ಹೊತ್ತು ತಂದರು. ವಿಷಯ ತಿಳಿದು ನಾನೂ ಓಡಿದೆ. ಈಗ ಬಿಪಿ ಪಾತಾಳಕ್ಕಿಳಿದಿತ್ತು.

“ಎಷ್ಟು ನುಂಗಿದ್ರಿ?” ಡಾಕ್ಟರು ಕೇಳಿದರು.

“ಎರಡು. ಅರ್ಧ ರೇಟು ಅಂದ್ಮೇಲೆ ಅರ್ಧ ಪವರು. ಎರಡು ಹಾಕುದ್ರೆ ಒಂದಾಯ್ತದೆ.”

“ಒಂದೊಂದರಲ್ಲೂ ಪೂರ್ತಿ ಪವರ್ ಇದೆ ಕಣ್ರೀ! ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ ಇದೆ!”

ಕಾಲಡಿಗೆ ದಿಂಬಿಟ್ಟು ಸಲೈನ್ ಹಾಕಿದರು. ಸ್ವಲ್ಪ ಹೊತ್ತಿಗೆ ಯಜಮಾನರ ಮುಖಕ್ಕೆ ಕಳೆ ಬಂತು. ಹೆಂಡತಿ ಕಣ್ಣೊರೆಸಿಕೊಂಡರು. ಯಜಮಾನರು ಮಲಗಿದಲ್ಲಿಂದಲೇ ನಮ್ಮಿಬ್ಬರನ್ನೂ ನೋಡಿದರು.

“ಈ ರೇಟಿಗೇ ಇಷ್ಟು ಪವರ್ ಕೊಡಾಕಾಯ್ತದೆ ಅಂದ್ರೆ, ಇಷ್ಟು ವರ್ಷ ಡಬ್ಬಲ್ ಯಾತಕ್ಕೆ ಇಸ್ಕೊಂಡ್ರಿ?”

ಡಾಕ್ಟರು ತಕ್ಷಣ ಸ್ಟೆತಾಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಂಡರು. ಕೇಳಿಸಲಿಲ್ಲ ಎನ್ನಲು ಅವರಿಗಾದರೂ ಒಂದು ಉಪಕರಣವಿತ್ತು. ನನಗೆ ಅದೂ ಇರಲಿಲ್ಲ.