ನಾಲ್ಕನೇ ಕ್ಲಾಸಿಗೆ ಹಿಂದಿನವರ ಕಷ್ಟ ಹೇಳಿದ್ದು

ಹಿಂದಿನವರು ಪಟ್ಟ ಕಷ್ಟವನ್ನು ಒಂಬತ್ತು ವರ್ಷದ ಮಕ್ಕಳಿಗೆ ಹೇಳಲು ಹೋದವರಿಗೆ ಇಂಥ ಪೇಚಾಟಗಳು ತಪ್ಪಿದ್ದಲ್ಲ. ನನಗಂತೂ ಪ್ರತಿ ವರ್ಷ ಆಗುತ್ತಲೇ ಇದ್ದವು, ನಗುವುದಕ್ಕೂ ತ್ರಾಣ ಉಳಿಯುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ರಾಯಲ್ಪಾಡಿನ ಹತ್ತಿರದ ಹಳ್ಳಿಯೊಂದರಲ್ಲಿ ಟೀಚರಾಗಿದ್ದೆ. ಮಾಲೂರಿನಲ್ಲಿ ಇಟ್ಟಿಗೆ ಹೊರುತ್ತ, ಕಡಲೆಕಾಯಿ ಪೊಟ್ಟಣದ ಕಾಗದ ಬಿಚ್ಚಿ ಓದಿ ಅಕ್ಷರ ಕಲಿತವಳಿಗೆ ಪುಸ್ತಕದಲ್ಲಿ ಪುಟ ಬಿಟ್ಟು ಗೊತ್ತಿಲ್ಲ. ಹೆಡ್ ಮಾಸ್ಟರು ಮೊದಲ ದಿನವೇ ಹೇಳಿದರು: "ಅಸ್ಪೃಶ್ಯತೆ ಪಾಠ ಒಂದು ಬಿಟ್ಬಿಡಿ ಮೇಡಂ. ಪಂಚಾಯ್ತಿ ಚೇರ್ಮನ್ನರಿಗೆ ಹಿಡಿಸಲ್ಲ, ವರ್ಗ ಮಾಡಿಸ್ತಾರೆ."

"ಪುಸ್ತಕದಲ್ಲಿ ಇದೆಯಲ್ಲ ಸಾರ್."

"ಪುಸ್ತಕದಲ್ಲಿ ಏನೇನೋ ಇರುತ್ತೆ."

೧. ಬರ

ಹಳೆಯ ಕಾಲದ ದೊಡ್ಡ ಬರದ ಪಾಠ. "ಜನ ತಿನ್ನೋಕೆ ಏನೂ ಇಲ್ಲದೆ ಹೊಲದ ಬದುವಿನ ಸೊಪ್ಪು ಕಿತ್ತು ತಿಂದರು" ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡೆ. ಮಕ್ಕಳ ಮುಖ ಅರಳಿತು.

"ಬೆರಕೆ ಸೊಪ್ಪಾ ಮಿಸ್? ನಮ್ಮನೇಲೂ ಇವತ್ತು ಅದೇ."

"ಬಸ್ಸಾರು ಮಾಡಿದ್ರಾ, ಮಸ್ಸೊಪ್ಪು ಮಾಡಿದ್ರಾ?"

"ಯಾವುದೂ ಇಲ್ಲ ಕಣ್ರೋ. ಉಪ್ಪೂ ಇರಲಿಲ್ಲ."

"ಮತ್ತೆ ಮುದ್ದೆ ಹೆಂಗೆ ನುಂಗಿದ್ರು?"

"ಮುದ್ದೆಯೂ ಇರಲಿಲ್ಲ."

ಚೇರ್ಮನ್ನರ ಮೊಮ್ಮಗ, ದುಂಡಗಿನ ಹುಡುಗ, ಸ್ಲೇಟಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಅವನನ್ನು ಸಮಾಧಾನ ಮಾಡಲು ನಾನು ಎರಡು ಪಾಠ ಹಾರಿಸಿ ಮಳೆ ತರಿಸಿ ರಾಗಿ ಬೆಳೆಸಬೇಕಾಯಿತು. ಪುಟ ಬಿಟ್ಟದ್ದು ಅದೊಂದೇ ಸಲ.

೨. ಲಾಠಿ

ಸ್ವಾತಂತ್ರ್ಯ ಹೋರಾಟವನ್ನು ಆಡಿಸಿ ತೋರಿಸೋಣವೆಂದು "ಪೊಲೀಸರು ಯಾರಾಗ್ತೀರ?" ಎಂದೆ. ಎಲ್ಲರ ಕೈ ಮೇಲೆ. "ಏಟು ತಿನ್ನೋರು?" ಎಲ್ಲರ ಕೈ ಕೆಳಗೆ.

ಕೊನೆಗೆ ಊರಾಚೆಯ ಕೇರಿಯಿಂದ ಬರುತ್ತಿದ್ದ ಸಣಕಲು ಹುಡುಗಿಯೊಬ್ಬಳು ಎದ್ದಳು. "ಎಷ್ಟು ಹೊತ್ತು ಮಿಸ್? ನಾನು ಮೇಕೆ ಹಿಡ್ಕೊಂಡು ಬರೋಕೆ ಹೋಗ್ಬೇಕು."

ಮೊದಲ ಏಟು ಬೀಳುವುದರೊಳಗೆ ಅವಳೇ ಕೋಲು ಕಿತ್ತುಕೊಂಡು ಬಾರಿಸತೊಡಗಿದಳು.

"ಅಹಿಂಸೆ ಕಣೇ, ಅಹಿಂಸೆ" ಎಂದು ಕೂಗಿದೆ.

"ಮೊದಲು ಅವರು ಮಾಡ್ಲಿ ಮಿಸ್."

ಆ ದಿನ ಪೊಲೀಸರೆಲ್ಲ ಅಳುತ್ತ ಮನೆಗೆ ಹೋದರು.

೩. ಕೊಡ

ನಮ್ಮ ಶಾಲೆಯ ಜಗಲಿಯಲ್ಲಿ ಒಂದೇ ಒಂದು ನೀರಿನ ಕೊಡ. ಊರ ಮಕ್ಕಳು ಲೋಟ ಅದ್ದಿ ಕುಡಿಯುತ್ತಿದ್ದರು. ಕೇರಿಯ ನಾಲ್ಕು ಮಕ್ಕಳು ಬೊಗಸೆ ಒಡ್ಡಬೇಕು, ಯಾರಾದರೂ ಮೇಲಿಂದ ಹಾಕಬೇಕು. ನಾನು ಬರುವ ಮೊದಲಿನಿಂದಲೂ ಹಾಗೆಯೇ.

ಹೆಡ್ ಮಾಸ್ಟರು ಬಿಡಿ ಎಂದಿದ್ದ ಪಾಠ ಬಂತು. ಹಿಂದಿನ ಕಾಲದಲ್ಲಿ ಹೀಗೆಲ್ಲ ಇತ್ತು ಎಂದು ಓದಿದೆ. ಮೇಕೆಯ ಹುಡುಗಿ ಕೇಳಿದಳು: "ಹಿಂದೆ ಅಂದ್ರೆ ಇವತ್ತು ಬೆಳಿಗ್ಗೆನಾ ಮಿಸ್?"

ಪುಸ್ತಕ ಮುಚ್ಚಿದೆ. "ಇವತ್ತಿಂದ ಎಲ್ಲರೂ ಲೋಟ ಅದ್ದಿ ಕುಡೀರಿ. ಒಂದೇ ಲೋಟ ಆಗಲ್ಲ ಅನ್ನೋರು ಬೊಗಸೆ ಒಡ್ಡಿ, ಬೇರೆಯವರು ಹಾಕ್ತಾರೆ."

ಕೆಲವರು ಎರಡು ದಿನ ಬೊಗಸೆ ಒಡ್ಡಿದರು. ತೋಳೆಲ್ಲ ನೆನೆದು, ಮನೆಯಲ್ಲಿ ಬೈಸಿಕೊಂಡು, ಮೂರನೇ ದಿನ ಅವರೂ ಲೋಟಕ್ಕೆ ಬಂದರು.

ನಾಲ್ಕನೇ ದಿನ ಚೇರ್ಮನ್ನರು ಬಂದರು. ಆಮೇಲೆ ಅವರು ನನ್ನ ಮೇಲೆ ಅರ್ಜಿ ಕೊಟ್ಟದ್ದೂ ನಿಜ, ಜೂನಿನಲ್ಲಿ ನನಗೆ ಕುರುಡುಮಲೆ ಕಡೆಗೆ ವರ್ಗವಾದದ್ದೂ ನಿಜ. ಹೋದೆ. ಅಲ್ಲಿಯೂ ಅದೇ ಪುಸ್ತಕ, ಅದೇ ಪಾಠ. ಆದರೆ ಆ ದಿನ ನಡೆದದ್ದು ಹೇಳುತ್ತೇನೆ.

ಮಾವಿನ ತೋಪಿನಿಂದ ಬಿಸಿಲಲ್ಲೇ ನಡೆದು ಬಂದು, ಜಗಲಿಯಲ್ಲಿ ನಿಂತು ರೇಗಿದರು: "ಏನಮ್ಮಾ ಟೀಚರಮ್ಮ, ಸತ್ತುಹೋದ ವಿಷಯಾನೆಲ್ಲ ಮಕ್ಕಳ ತಲೆಗೆ ಯಾಕೆ ತುಂಬ್ತೀರ? ಅದೆಲ್ಲ ಈಗ ಎಲ್ಲಿದೆ?" ಅಷ್ಟರಲ್ಲಿ ಕೆಮ್ಮು ಬಂತು. "ಲೇ, ಕೊಂಚೆಂ ನೀಳ್ಳು ತೇರಾ" ಎಂದು ತೆಲುಗಿನಲ್ಲಿ ಮೊಮ್ಮಗನನ್ನು ನೀರು ಕೇಳಿದರು. ಅವನು ಲೋಟ ತಂದರೆ ಹಿಂದಕ್ಕೆ ಸರಿದರು. "ಈ ಲೋಟ ಬೇಡ. ಅವರೆಲ್ಲ ಮುಟ್ಟಿದಾರೆ."

"ಹಂಗಾದ್ರೆ ಬೊಗಸೆ ಒಡ್ಡು ತಾತ" ಎಂದ ಮೊಮ್ಮಗ. "ಲೋಟ ಒಲ್ಲೆ ಅನ್ನೋರಿಗೆ ಮೇಲಿಂದ ಹಾಕ್ತೀವಿ."

ಚೇರ್ಮನ್ನರು ಬೀದಿಯ ಎರಡೂ ಕಡೆ ನೋಡಿದರು. ಕೆಮ್ಮು ಬಿಡಲಿಲ್ಲ. ನೆಟ್ಟಗೆ ನಿಂತೇ ಬೊಗಸೆ ಒಡ್ಡಿದರು. ನೀರು ಬಾಯಿಗೆ ಹೋಗದೆ ತೋಳಿನ ಮೇಲೆ ಹರಿದು, ಇಸ್ತ್ರಿಯ ಜುಬ್ಬದೊಳಗೆ ಇಳಿಯಿತು.

ಪಕ್ಕದಲ್ಲಿ ನೋಡುತ್ತಿದ್ದ ಮೇಕೆಯ ಹುಡುಗಿಗೆ ತಡೆಯಲಾಗಲಿಲ್ಲ.

"ಹಂಗಲ್ಲ ತಾತ. ಮೊಣಕೈ ಎರಡೂ ಸೇರಿಸ್ಕೊಂಡು ಬಗ್ಗಬೇಕು. ಇನ್ನೂ ಬಗ್ಗಿ. ಇನ್ನೂ. ಮೊದಮೊದಲು ಎಲ್ಲರಿಗೂ ನೀರು ಚೆಲ್ಲುತ್ತೆ, ಆಮೇಲಾಮೇಲೆ ಅಭ್ಯಾಸ ಆಗೋಗುತ್ತೆ."