ನಕ್ಷತ್ರಗಳಿಗೆ ಕೆಂಪು ಮಸಿ

ಅದು ಸಾವಿರದ ಒಂಬೈನೂರ ಎಪ್ಪತ್ತನಾಲ್ಕನೆಯ ಇಸವಿ. ನನಗಾಗ ನಲವತ್ತಾರು ವರ್ಷ. ಪ್ರೌಢಶಾಲೆಯಲ್ಲಿ ಕನ್ನಡವನ್ನೂ ಭೂಗೋಳವನ್ನೂ ಕಲಿಸುವುದನ್ನು ಬಿಟ್ಟು ಕಚೇರಿ ಸೇರಿದ್ದೆನಾದರೂ ತಿದ್ದುವ ಚಟ ನನ್ನನ್ನು ಬಿಟ್ಟಿರಲಿಲ್ಲ. ಮದುವೆಯ ಕರೆಯೋಲೆ ಬಂದರೆ ಮುಹೂರ್ತ ನೋಡುವ ಮೊದಲು ವಿಭಕ್ತಿ ನೋಡುತ್ತಿದ್ದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು.

ನನ್ನ ಹೆಂಡತಿಯ ತಮ್ಮ ಶ್ರೀಕಂಠ ಒಂದು ಕಾಲದಲ್ಲಿ ನನ್ನ ತರಗತಿಯ ಹುಡುಗ. ಎಪ್ಪತ್ತನಾಲ್ಕರ ಹೊತ್ತಿಗೆ ನಾಯಂಡಹಳ್ಳಿಯ ಗೋಡೌನೊಂದರಲ್ಲಿ ಗುಮಾಸ್ತ. ಆ ಬೇಸಿಗೆಯಲ್ಲಿ ಬೊಂಬಾಯಿಗೆ ಹೋದವನು ನನ್ನ ಕ್ಯಾಮೆರಾಕ್ಕೆ ಹೊಂದುವ ಹಳೆಯ ಲೆನ್ಸೊಂದನ್ನು ಪ್ರೀತಿಯಿಂದ ತಂದುಕೊಟ್ಟ. ಪರೀಕ್ಷಿಸದೆ ಯಾವುದನ್ನೂ ಪಾಸು ಮಾಡುವ ಜಾಯಮಾನ ನನ್ನದಲ್ಲ. ನಕ್ಷತ್ರವು ಚುಕ್ಕಿಯಂತೆಯೇ ಮೂಡಿದರೆ ಲೆನ್ಸ್ ಚೊಕ್ಕವೆಂದು ಎಲ್ಲೋ ಓದಿದ್ದೆ. ರಾಜಾಜಿನಗರದ ನಮ್ಮ ತಾರಸಿಯಲ್ಲಿ ಕ್ಯಾಮೆರಾವನ್ನು ಒರಳುಕಲ್ಲಿನ ಮೇಲೆ ಆಕಾಶಮುಖಿಯಾಗಿ ಕೂರಿಸಿ, ಬೆಳಕು ಸಾಲದೆಂದು ಷಟರನ್ನು ಧಾರಾಳವಾಗಿ ತೆರೆದಿಟ್ಟು, ಕೆಳಗಿಳಿದು ಊಟ ಮುಗಿಸಿ, ಎಲೆಯಡಿಕೆಯನ್ನೂ ಹಾಕಿಕೊಂಡು ಬಂದು ಮುಚ್ಚಿದೆ.

ಪ್ರಿಂಟಿನಲ್ಲಿ ಒಂದಾದರೂ ಚುಕ್ಕಿಯಿರಲಿಲ್ಲ. ಎಲ್ಲವೂ ಗೀಟುಗಳು, ಅದೂ ಬಾಗಿದವು. ಪ್ರತಿ ಗೀಟಿಗೂ ಕೆಂಪು ಮಸಿಯಲ್ಲಿ ಸುತ್ತುಹಾಕಿ, ಮೇಲೆ ‘ಅನುತ್ತೀರ್ಣ’ ಎಂದು ಬರೆದು, ಅತ್ತೆ ಮಾವಂದಿರು ಊಟಕ್ಕೆ ಬಂದಿದ್ದ ಭಾನುವಾರ ಎಲ್ಲರೆದುರು ಶ್ರೀಕಂಠನ ಕೈಗಿತ್ತೆ. “ನಿನಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ ಕಣೋ,” ಎಂದೆ. ಅವನು ಚಿತ್ರವನ್ನು ತುಸು ಹೊತ್ತು ನೋಡಿ, “ಇರಬಹುದು ಭಾವ,” ಎಂದು ಲೆನ್ಸನ್ನು ಚೀಲಕ್ಕೆ ಹಾಕಿಕೊಂಡು ಹೋದ. ಆಮೇಲೆ ನಮ್ಮ ಮನೆಯ ಕಡೆ ತಲೆಹಾಕಲಿಲ್ಲ.

ಗೌರಿ ಹಬ್ಬದ ಹಿಂದಿನ ದಿನ ನನ್ನಾಕೆ, “ಬಾಗಿನ ಬೇರೆಯವರ ಕೈಲಿ ಕಳಿಸ್ತಾನಂತೆ ರೀ. ಇರೋನು ಒಬ್ಬ ತಮ್ಮ. ಅವನನ್ನೂ ಫೇಲು ಮಾಡಿ ಕಳಿಸಿದ್ರಿ,” ಎಂದು ಕಣ್ಣೊರೆಸಿಕೊಂಡಳು. ನಾನು ತಾರಸಿ ಹತ್ತಿದೆ. ಮೋಡದ ಸಂದಿಯಲ್ಲಿ, ಪಕ್ಕದ ಮನೆಯ ತೆಂಗಿನ ಗರಿಯ ಅಂಚಿಗೆ ಒಂದು ನಕ್ಷತ್ರವಿತ್ತು. ನೋಡುತ್ತ ಕುಳಿತಿದ್ದಂತೆಯೇ ಅದು ಗರಿಯ ಹಿಂದೆ ಸರಿಯಿತು. ಭೂಮಿ ತಿರುಗುತ್ತದೆಂದು ಹದಿನೆಂಟು ವರ್ಷ ಪಾಠ ಹೇಳಿದವನು ನಾನು. ಷಟರು ತೆರೆದಿಟ್ಟು ಊಟ ಮುಗಿಸಿ ಬರುವಷ್ಟರಲ್ಲಿ ಚುಕ್ಕಿಗಳು ಗೀಟುಗಳಾಗದೆ ಇನ್ನೇನಾಗುತ್ತವೆ?

ಬೆಳಗ್ಗೆದ್ದು ಶ್ರೀಕಂಠನ ಮನೆಗೆ ಹೋದೆ. “ಲೆನ್ಸ್ ಸರಿಯಾಗಿದೆ ಕಣೋ. ತಿರುಗಿದ್ದು ಭೂಮಿ,” ಎಂದೆ.

“ಗೊತ್ತು ಭಾವ. ಫೋಟೋ ನೋಡಿದಾಗಲೇ ಗೊತ್ತಾಯ್ತು.”

“ಮತ್ತೆ ಅವತ್ತೇ ಹೇಳೋದಲ್ವೇನೋ?”

“ಅಪ್ಪ ಅಮ್ಮ, ಅಕ್ಕ, ಎಲ್ಲ ಕೂತಿದ್ರು. ಮನೆ ಅಳಿಯನಿಗೆ, ಅದೂ ಮೇಷ್ಟ್ರಿಗೆ, ಭೂಮಿ ತಿರುಗುತ್ತೆ ಅಂತ ಹೇಗೆ ಹೇಳ್ಲಿ?”

ಬಾಗಿನವನ್ನೂ ಲೆನ್ಸನ್ನೂ ಹಿಡಿದು ಅವನು ನನ್ನೊಡನೆ ಹೊರಟ. ಬಸ್ಸಿನಲ್ಲಿ ಮೆಲ್ಲಗೆ, “ರಿಪೇರಿ ಮಾಡಿಸ್ದೆ ಅಂತ ಅಕ್ಕನಿಗೆ ನಾನೇ ಹೇಳ್ತೀನಿ, ನೀವು ಸುಮ್ನಿರಿ ಭಾವ,” ಎಂದ. ಛೆ, ಬೇಡ, ನಿಜವನ್ನೇ ಹೇಳೋಣ ಎನ್ನುವ ಸ್ಪಷ್ಟವಾದ, ನಿರ್ದುಷ್ಟವಾದ ವಾಕ್ಯವೊಂದು ನನ್ನ ನಾಲಗೆಯ ಮೇಲಿತ್ತು. ಮನೆಯ ಸ್ಟಾಪ್ ಬರುವವರೆಗೂ ಅದು ಅಲ್ಲೇ ಇತ್ತು. ಹೀಗಾಗಿ ನಮ್ಮ ಮನೆಯವರೆಲ್ಲ ಇಂದಿಗೂ ನಂಬಿರುವಂತೆ, ಯಾವ ದೋಷವೂ ಇಲ್ಲದ ಆ ಲೆನ್ಸ್ ರಿಪೇರಿಯಾಗಿ ಬಂದದ್ದು ೧೯೭೪ರ ಸೆಪ್ಟೆಂಬರ್ ಹದಿನೆಂಟರಂದು.